ಮುದ್ದೆ ಉಣ್ಣೋ ಮನೆಯಲ್ಲಿ ಸ್ಲೀವ್ ಆಪರೇಷನ್ ಮಾಡಿಸಿಕೊಂಡು ಬದುಕೋದು ಹೇಗೆ

ಮುದ್ದೆಯನ್ನು ಅಗಿಯಬಾರದು, ನುಂಗಬೇಕು. ನಮ್ಮ ಮಂಡ್ಯ ಕಡೆ ಮಗುವಿಗೆ ಕೈತುತ್ತು ಕೊಡುವಾಗಲೇ ಇದನ್ನು ಕಲಿಸಿಬಿಡುತ್ತಾರೆ. ಮುರಿ, ಸಾರಲ್ಲಿ ಅದ್ದು, ಗುಳುಂ ಅನ್ನಿಸು. ಮೂವತ್ತಾರು ವರ್ಷ ನಾನು ಹಾಗೇ ಉಂಡವಳು. ತೂಕ ಇಳಿಸೋಕೆ ಹೊಟ್ಟೆಯ ಸ್ಲೀವ್ ಆಪರೇಷನ್ ಆಗಿ ಒಂಬತ್ತನೇ ವಾರ, ಅಮ್ಮ ಬಸ್ಸಾರು ಮಾಡಿದ್ದರು, ಘಮ ತಡೆಯೋಕಾಗಲಿಲ್ಲ. ಅಡಿಕೆ ಗಾತ್ರದ ಒಂದೇ ಒಂದು ತುತ್ತು ಮುರಿದು, ಹಳೇ ಅಭ್ಯಾಸದಲ್ಲಿ ನುಂಗಿಬಿಟ್ಟೆ.

ಎದೆ ನಡುವೆ ಕಲ್ಲು ಕೂತ ಹಾಗಾಯಿತು. ಬಾಯಿ ತುಂಬಾ ಮೊಟ್ಟೆಯ ಬಿಳಿಯಂಥ ಲೋಳೆ, ನೊರೆ ನೊರೆಯಾಗಿ ಬರುತ್ತಲೇ ಇದೆ. ಸ್ಟೀಲ್ ಲೋಟ ಹಿಡಿದುಕೊಂಡು ಉಗುಳುತ್ತಾ ಹಿತ್ತಲಲ್ಲಿ ಮುಕ್ಕಾಲು ಗಂಟೆ ಓಡಾಡಿದೆ. ಅಮ್ಮ ಗಾಬರಿಯಲ್ಲಿ ನೀರು ಕುಡಿ ಅಂದರು, ಕುಡಿದೆ, ಅದೂ ವಾಪಸ್ ಬಂತು. ಕೊನೆಗೆ ತುತ್ತು ಹೊರಗೆ ಬಂದಾಗ ನೋಡಿದರೆ ನಾನು ಉಂಡೆ ಕಟ್ಟಿದ ಆಕಾರ ಒಂಚೂರೂ ಕೆಟ್ಟಿರಲಿಲ್ಲ.

ಆಸ್ಪತ್ರೆಯಲ್ಲಿ ಕೊಟ್ಟ ಚೀಟಿ ಚೆನ್ನಾಗೇ ಇತ್ತು. ಓಟ್ಸ್, ಬ್ರೊಕೊಲಿ, ಗ್ರಿಲ್ಡ್ ಫಿಶ್, ಎಲ್ಲ ಇತ್ತು. ಮುದ್ದೆ ಬಗ್ಗೆ ಒಂದಕ್ಷರ ಇರಲಿಲ್ಲ. ಬೀಗರ ಊಟದ ಬಗ್ಗೆಯೂ ಇರಲಿಲ್ಲ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ನಾನು ಡಾಕ್ಟರ್ ಅಲ್ಲ. ನಾಲ್ಕು ವರ್ಷದ ಹಿಂದೆ ಬೆಂಗಳೂರಲ್ಲಿ ಸ್ಲೀವ್ ಮಾಡಿಸಿಕೊಂಡವಳು, ಅಷ್ಟೇ. ನಿಮ್ಮ ಸರ್ಜನ್ ಅಥವಾ ಡಯಟೀಷಿಯನ್ ಬೇರೆ ಏನಾದರೂ ಹೇಳಿದ್ದರೆ ಅವರ ಮಾತೇ ನಡೆಯಲಿ.

ಮೊದಲು ಹೊಟ್ಟೆಗೆ ಏನು ಮಾಡಿದ್ದಾರೆ ಅಂತ ತಿಳ್ಕೊಳ್ಳಿ

ಸ್ಲೀವ್ ಅಂದರೆ ಜಠರದ ಮುಕ್ಕಾಲು ಭಾಗಕ್ಕಿಂತ ಜಾಸ್ತಿಯನ್ನು ಉದ್ದಕ್ಕೆ ಕತ್ತರಿಸಿ ತೆಗೆಯೋದು. ಉಳಿಯೋದು ಬಾಳೆಹಣ್ಣಿನ ಆಕಾರದ ಒಂದು ಕೊಳವೆ. ಒಂದು ಸಣ್ಣ ಕಾಫಿ ಲೋಟದಷ್ಟು ಹಿಡಿಯುತ್ತೆ, 100ರಿಂದ 150 ಮಿ.ಲೀ. ತೂಕ ಇಳಿಸೋಕೆ ಮಾಡುವ ಇನ್ನೊಂದು ಆಪರೇಷನ್ ಬೈಪಾಸ್, ಅದು ಬೇರೆ ಲೆಕ್ಕ. ಅದರಲ್ಲಿ ಜಠರದ ಮೇಲ್ಭಾಗದಲ್ಲಿ ಸುಮಾರು 30 ಮಿ.ಲೀ. ಹಿಡಿಯುವ ಚೀಲ ಮಾಡಿ, ಸಣ್ಣ ಕರುಳಿನ ಮುಂದಿನ ಭಾಗಕ್ಕೆ ಜೋಡಿಸುತ್ತಾರೆ. ಆದ್ದರಿಂದ ಅವರಲ್ಲಿ ಪೋಷಕಾಂಶ ಹೀರಿಕೊಳ್ಳೋದೂ ಕಮ್ಮಿ ಆಗುತ್ತೆ. ಮೊದಲಿಂದಲೇ ಎದೆಯುರಿ, ಹುಳಿತೇಗು ಜಾಸ್ತಿ ಇರುವವರಿಗೆ ಸಾಮಾನ್ಯವಾಗಿ ಬೈಪಾಸ್ ಒಳ್ಳೇದು ಅಂತಾರೆ, ಯಾಕಂದರೆ ಸ್ಲೀವ್ ಆದ ಮೇಲೆ ಆ ಉರಿ ಜಾಸ್ತಿ ಆಗಬಹುದು. ನನಗೆ ಆಗಿದೆ. ರಾತ್ರಿ ಊಟಕ್ಕೂ ಹಾಸಿಗೆಗೂ ಮೂರು ಗಂಟೆ ಗ್ಯಾಪ್ ಇಲ್ಲದಿದ್ದರೆ ಗಂಟಲು ಉರಿಯುತ್ತೆ.

ಜಾಗ ಕಮ್ಮಿ ಆಗೋದು ಒಂದು ವಿಷಯ. ನನ್ನನ್ನು ಬೆಚ್ಚಿಬೀಳಿಸಿದ್ದು ಇನ್ನೊಂದು. ಹಸಿವು ಹುಟ್ಟಿಸುವ ಗ್ರೆಲಿನ್ ಅನ್ನೋ ಹಾರ್ಮೋನ್ ಹೆಚ್ಚಾಗಿ ತಯಾರಾಗೋದು ಕತ್ತರಿಸಿ ತೆಗೆಯುವ ಆ ಭಾಗದಲ್ಲೇ. ಎರಡನೇ ವಾರ ಒಂದು ಮಧ್ಯಾಹ್ನ ಗಡಿಯಾರ ನೋಡಿದರೆ ಎರಡೂವರೆ, ಊಟ ಮರೆತುಹೋಗಿತ್ತು. ಊಟ ಮರೆತೆ, ನಾನು! ಹುಟ್ಟಿದಾಗಿಂದ ಯಾವತ್ತೂ ಆಗಿರಲಿಲ್ಲ. ಸೋಫಾ ಮೇಲೆ ಕೂತು ಅತ್ತೆ. ಖುಷಿಗಲ್ಲ, ಸಿಟ್ಟಿಗೆ. ನನ್ನ ಅಕ್ಕ ಅರ್ಧ ದೋಸೆ ಬಿಟ್ಟು ಏಳುತ್ತಿದ್ದಾಗ ಅವಳಿಗೆ ಎಷ್ಟು ಸಂಯಮ, ನಿನಗ್ಯಾಕಿಲ್ಲ ಅಂತ ಎಲ್ಲರೂ ಅಂದದ್ದೇ ಅಂದದ್ದು. ಅವಳಿಗೆ ಸಂಯಮ ಇರಲಿಲ್ಲ, ಹಸಿವು ನಿಂತಿರುತ್ತಿತ್ತು ಅಷ್ಟೇ. ನನ್ನದು ನಿಲ್ಲುತ್ತಿರಲಿಲ್ಲ.

ಆದರೆ ಆ ಹಸಿವು ವಾಪಸ್ ಬರುತ್ತೆ. ನನಗೆ ಹದಿನೈದನೇ ತಿಂಗಳಿಗೆ ಬಂತು. ಸಾಮಾನ್ಯವಾಗಿ ಒಂದು, ಒಂದೂವರೆ ವರ್ಷದೊಳಗೆ ಜಾಸ್ತಿ ತೂಕ ಇಳಿದು ಮುಗಿದಿರುತ್ತೆ. ಅಷ್ಟರೊಳಗೆ ಕಲಿತ ಊಟದ ರೀತಿ ಮಾತ್ರ ಆಮೇಲೆ ಕೈ ಹಿಡಿಯುತ್ತೆ. ಮೊದಲ ವರ್ಷ ಏನು ತಿಂದರೂ ಇಳೀತಿದೆಯಲ್ಲ ಅಂತ ಚಕ್ಕುಲಿ, ಐಸ್‌ಕ್ರೀಮ್ ಮೇಲೆ ಬದುಕಿದವರು ಎರಡನೇ ವರ್ಷ ಅಳುತ್ತಾರೆ. ಈ ಒಂದು ಮಾತಿಗಾಗಿಯೇ ನಾನು ಉಳಿದದ್ದೆಲ್ಲ ಬರೆಯುತ್ತಿರೋದು ಅಂದುಕೊಳ್ಳಿ.

ಇನ್ನೂ ಮಾಡಿಸಿಕೊಳ್ಳದವರಿಗೆ ಸ್ವಲ್ಪ

ನನ್ನ ಎತ್ತರ 160 ಸೆಂ.ಮೀ., ಆಗಿನ ತೂಕ 118 ಕೆ.ಜಿ. ಬಿಎಂಐ 46. ತೂಕವನ್ನು ಮೀಟರಿನಲ್ಲಿರುವ ಎತ್ತರದ ವರ್ಗದಿಂದ ಭಾಗಿಸಿದರೆ ನಿಮ್ಮದೂ ಸಿಗುತ್ತೆ. ನಮ್ಮ ದೇಶದವರಿಗೆ ಸಣ್ಣ ತೂಕಕ್ಕೇ ಶುಗರ್, ಬಿಪಿ ಅಂಟಿಕೊಳ್ಳುವುದರಿಂದ ಇಲ್ಲಿ 25 ದಾಟಿದರೇ ಬೊಜ್ಜು ಅಂತ ಲೆಕ್ಕ. 2022ರಲ್ಲಿ ಅಮೆರಿಕದ ಮತ್ತು ಅಂತರರಾಷ್ಟ್ರೀಯ ಬೇರಿಯಾಟ್ರಿಕ್ (ತೂಕ ಇಳಿಸುವ ಆಪರೇಷನ್ ಮಾಡುವ) ಸರ್ಜನ್ನರ ಸಂಘಗಳು 1991ರ ಹಳೇ ನಿಯಮ ಬದಲಿಸಿದವು. ಏಷ್ಯಾದವರಿಗೆ 27.5ರಿಂದಲೇ ಆಪರೇಷನ್ ಯೋಚಿಸಬಹುದು ಅಂದವು. ಇನ್ಶೂರೆನ್ಸ್ ಕಂಪನಿಗಳು ಇನ್ನೂ ಹಳೇ ಲೆಕ್ಕದಲ್ಲೇ ಇವೆ. 2019ರಲ್ಲಿ ಇನ್ಶೂರೆನ್ಸ್ ನಿಯಂತ್ರಿಸುವ ಸರ್ಕಾರಿ ಸಂಸ್ಥೆ ಐಆರ್‌ಡಿಎಐ ಹೊರಡಿಸಿದ ನಿಯಮದ ಪ್ರಕಾರ 18 ವರ್ಷ ದಾಟಿರಬೇಕು, ಡಾಕ್ಟರ್ ಸಲಹೆ ಇರಬೇಕು, ಬಿಎಂಐ 40 ಇರಬೇಕು. ಅಥವಾ 35 ಇದ್ದು, ಬೇರೆ ದಾರಿ ಸೋತ ಮೇಲೂ ಹತೋಟಿಗೆ ಬರದ ಶುಗರ್, ತೀವ್ರ ಸ್ಲೀಪ್ ಆಪ್ನಿಯಾ (ನಿದ್ದೆಯಲ್ಲಿ ಉಸಿರು ನಿಂತು ನಿಂತು ಬರೋದು), ಹೃದಯದ ಕಾಯಿಲೆಯಂಥದ್ದು ಇರಬೇಕು. ನನ್ನ ಕ್ಲೇಮನ್ನು ಮೊದಲ ಸಲ "ಇದು ಅಂದಕ್ಕೆ ಮಾಡಿಸಿಕೊಳ್ಳೋದು" ಅಂತ ತಳ್ಳಿಹಾಕಿದರು. ಸರ್ಜನ್ ಹತ್ರ ಬಿಎಂಐ, ನಿದ್ದೆ ಪರೀಕ್ಷೆಯ ರಿಪೋರ್ಟ್, ಹಿಂದೆ ಮಾಡಿದ ಡಯಟ್‌ಗಳ ದಾಖಲೆ ಎಲ್ಲ ಸೇರಿಸಿ ಪತ್ರ ಬರೆಸಿ ಕೊಟ್ಟೆ, ಆಗ ಒಪ್ಪಿದರು. ನಿಮ್ಮ ಪಾಲಿಸಿಯಲ್ಲಿ ಕಾಯುವ ಅವಧಿ ಎಷ್ಟಿದೆ ಅಂತ ಮೊದಲೇ ನೋಡಿಕೊಳ್ಳಿ.

ಇನ್ನೊಂದು ಸಣ್ಣ ವಿಷಯ. ಬಿಪಿ ನೋಡುವಾಗ ತೋಳಿಗೆ ದೊಡ್ಡ ಪಟ್ಟಿ ಕೇಳಿ. ದಪ್ಪ ತೋಳಿಗೆ ಚಿಕ್ಕ ಪಟ್ಟಿ ಬಿಗಿದರೆ ಬಿಪಿ ಇರೋದಕ್ಕಿಂತ ಜಾಸ್ತಿ ತೋರಿಸುತ್ತೆ. ನಾಚಿಕೊಳ್ಳಬೇಡಿ. ಮದುವೆ ಮನೆಯ ಪ್ಲಾಸ್ಟಿಕ್ ಕುರ್ಚಿ ಮುರಿದೀತು ಅಂತ ಒಂದರ ಮೇಲೊಂದು ಎರಡು ಹಾಕಿಸಿಕೊಂಡು ಕೂತವರು ನಾವು, ಒಂದು ಪಟ್ಟಿ ಕೇಳೋಕೆ ನಾಚಿಕೆ ಏನು?

ಮೊದಲ ಆರು ವಾರ

ಕ್ರಮ ಎಲ್ಲ ಕಡೆ ಹೆಚ್ಚು ಕಮ್ಮಿ ಒಂದೇ. ಮೊದಲ ಒಂದೆರಡು ದಿನ ತಿಳಿನೀರು, ಆಮೇಲೆ ಎರಡು ವಾರ ದ್ರವ, ಮತ್ತೆರಡು ವಾರ ನುಣ್ಣಗೆ ಅರೆದದ್ದು, ಮತ್ತೆರಡು ವಾರ ಮೆತ್ತಗಿನದು, ಆಮೇಲೆ ನಿಧಾನಕ್ಕೆ ಮಾಮೂಲಿ. ಒಂದು ಮೆಟ್ಟಿಲೂ ಹಾರಬೇಡಿ. ಒಳಗೆ ಉದ್ದಕ್ಕೆ ಹೊಲಿಗೆ ಇದೆ ಅನ್ನೋದು ಹೊರಗಿನ ನಾಲ್ಕೈದು ಸಣ್ಣ ಗಾಯ ನೋಡಿದರೆ ಮರೆತೇ ಹೋಗುತ್ತೆ.

ದ್ರವದ ವಾರಗಳಲ್ಲಿ ನಮ್ಮ ಅಡುಗೆಮನೆಯೇ ಸಾಕು. ಹೆಸರುಬೇಳೆ ಕಟ್ಟು, ಸೋಸಿದ ತೊವ್ವೆ, ಖಾರ ಇಲ್ಲದ ತಿಳಿಸಾರು, ಬೆಣ್ಣೆ ತೆಗೆದ ಮಜ್ಜಿಗೆ, ಮೂಳೆ ಸೂಪು, ತೆಳ್ಳಗೆ ಸೋಸಿದ ರಾಗಿ ಗಂಜಿ. ಹುರುಳಿ ಕಟ್ಟಿನ ಸಾರಿಗೆ ಒಗ್ಗರಣೆ ಕಮ್ಮಿ ಹಾಕಿ, ಮೆಣಸಿನಕಾಯಿ ಬಿಡಿ. ಬೆಲ್ಲದ ಪಾನಕ, ಎಳನೀರು ಜೊತೆಗೆ ಗ್ಲೂಕೋಸ್ ಪುಡಿ, ಇವೆಲ್ಲ ಬೇಡ. ಡಿಸೆಂಬರ್, ಜನವರಿಯಲ್ಲಿ ಮಾಡಿಸಿಕೊಂಡವರು ಪುಣ್ಯವಂತರು. ಮೆತ್ತಗಿನ ಹಂತಕ್ಕೆ ಬರುವ ಹೊತ್ತಿಗೆ ಹಿತಕಿದ ಬೇಳೆ ಸಾರು ಸಿಗುತ್ತೆ. ಸಿಪ್ಪೆ ಇಲ್ಲ, ಬೆಣ್ಣೆ ಹಾಗೆ ಬೇಯುತ್ತೆ, ಪ್ರೋಟೀನೂ ಇದೆ. ಸೊಂಪಾಗಿ ಎರಡು ಚಮಚ ತಿಂದು, ಇನ್ನೇನು ಬೇಕು ಅನ್ನಿಸಿತ್ತು ನನಗೆ.

ಕರಾವಳಿಯವರಾದರೆ ಮೀನು ಬೇಗ ಒಗ್ಗುತ್ತೆ, ಮುಳ್ಳು ಬಿಡಿಸಿದ ಬಂಗುಡೆ ಅಂಥದ್ದು. ಮೊಟ್ಟೆ ಕೆಲವರಿಗೆ ಮೊದಲು ವಾಕರಿಕೆ ತರಿಸುತ್ತೆ, ಹದಿನೈದು ದಿನ ಬಿಟ್ಟು ಮತ್ತೆ ನೋಡಿ. ಕೋಳಿಯ ಎದೆ ತುಂಡು ಒಣಗಿದ್ದರೆ ಸಿಕ್ಕಿಹಾಕಿಕೊಳ್ಳುತ್ತೆ, ಖೀಮಾ ಮಾಡಿಸಿ. ಮಟನ್ ಎಲ್ಲಕ್ಕಿಂತ ಕೊನೆಗೆ.

ನಡಿಗೆ ಮೊದಲ ದಿನದಿಂದಲೇ. ಕಾಲಲ್ಲಿ ರಕ್ತ ಹೆಪ್ಪುಗಟ್ಟದಿರಲಿ ಅಂತ ಆಸ್ಪತ್ರೆಯಲ್ಲೇ ಎಬ್ಬಿಸಿ ಓಡಾಡಿಸುತ್ತಾರೆ. ಆದರೆ ನೀರಿನ ಕೊಡ, ಗ್ಯಾಸ್ ಸಿಲಿಂಡರ್, ನೆಂಟರ ಮಗು, ಇವನ್ನೆಲ್ಲ ಮೊದಲ ಆರು ವಾರ ಬೇರೆ ಯಾರಾದರೂ ಎತ್ತಲಿ.

ಮೂರನೇ ವಾರದ ಹೊತ್ತಿಗೆ ತೂಕ ಇದ್ದಕ್ಕಿದ್ದಂತೆ ನಿಂತುಬಿಡುತ್ತೆ. ಹತ್ತು ದಿನ ಮುಳ್ಳು ಅಲ್ಲಾಡಲ್ಲ. ತುಂಬಾ ಜನಕ್ಕೆ ಹೀಗಾಗುತ್ತೆ. ಆಪರೇಷನ್ ಫೇಲ್ ಆಯ್ತು ಅಂತ ನಾನು ಡಯಟೀಷಿಯನ್‌ಗೆ ರಾತ್ರಿ ಹನ್ನೊಂದಕ್ಕೆ ಫೋನ್ ಮಾಡಿದ್ದೆ. ಪಾಪ, ಅವರು ನಗಲಿಲ್ಲ.

ತಟ್ಟೆ ಮುಂದೆ ಕೂತಾಗ

ಎಲ್ಲಾ ಬಿಟ್ಟು ಮೂರು ನೆನಪಿಡಿ: ಪ್ರೋಟೀನ್ ಮೊದಲು, ನೀರು ಬೇರೆ, ತುತ್ತು ಚಿಕ್ಕದು.

ದಿನಕ್ಕೆ 60ರಿಂದ 80 ಗ್ರಾಂ ಪ್ರೋಟೀನ್ ಹೋಗಬೇಕು. ಕೇಳೋಕೆ ಸುಲಭ, ಅರ್ಧ ಬಟ್ಟಲು ಹಿಡಿಯುವ ಹೊಟ್ಟೆಗೆ ತುಂಬಿಸೋದು ಕಷ್ಟ. ಲೆಕ್ಕ ನೋಡಿ. ಒಂದು ಮೊಟ್ಟೆಗೆ 6 ಗ್ರಾಂ. ಪನೀರ್ 50 ಗ್ರಾಂ ತಿಂದರೆ 9. ಬೇಯಿಸಿದ ಕೋಳಿ 75 ಗ್ರಾಂಗೆ 20ರ ಆಸುಪಾಸು. ಒಂದು ಲೋಟ ಹಾಲಿಗೆ 6. ಒಂದು ಬಟ್ಟಲು ಗಟ್ಟಿ ಬೇಳೆಗೆ 6, 7. ಮೊಸರು 100 ಗ್ರಾಂಗೆ ಮೂರೂವರೆ. ಸಸ್ಯಾಹಾರಿಗಳು ಇಷ್ಟರಲ್ಲಿ ಮುಟ್ಟೋದು ಕಷ್ಟ, ಪನೀರು, ಸೋಯಾ, ಮೊಳಕೆ ಕಾಳು ಎಲ್ಲ ಸೇರಿಸಿದರೂ ಒಂದು ಸ್ಕೂಪ್ ಪ್ರೋಟೀನ್ ಪುಡಿ ಬೇಕಾಗುತ್ತೆ. ನಾನು ಅದನ್ನು ಮಜ್ಜಿಗೆಯಲ್ಲಿ ಕಲಸಿ ಕುಡಿಯುತ್ತಿದ್ದೆ. ಚಾಕೊಲೇಟ್ ವಾಸನೆಯದು ತಂದು ಮಜ್ಜಿಗೆಗೆ ಹಾಕಬೇಡಿ, ವಾಸನೆ ಇಲ್ಲದ್ದು ಕೇಳಿ ತನ್ನಿ. ಅನುಭವದ ಮಾತು.

ಅನ್ನ, ಚಪಾತಿ, ಇಡ್ಲಿ ಆಮೇಲೆ. ನಮ್ಮ ಊಟದ ಕ್ರಮ ತಲೆಕೆಳಗಾಗುತ್ತೆ, ಅದೇ ನಿಜವಾದ ತಲೆನೋವು. ನಮ್ಮಲ್ಲಿ ಅನ್ನ ಅಥವಾ ಮುದ್ದೆ ಅಂದರೆ ಊಟ, ಉಳಿದದ್ದು ನೆಂಚಿಕೊಳ್ಳೋಕೆ. ಈಗ ನೆಂಚಿಕೊಳ್ಳೋದೇ ಊಟ. ಮೊದಲು ಪಲ್ಯದ ಕಾಳು, ಸಾರಿನ ತುಂಡು, ಮೊಟ್ಟೆ. ಜಾಗ ಉಳಿದರೆ ಎರಡು ಚಮಚ ಅನ್ನ. ಬಿಸಿ ಅನ್ನಕ್ಕಿಂತ ಮೆತ್ತಗೆ ಕಲಸಿದ ಮೊಸರನ್ನ ಸಲೀಸು. ಬ್ರೆಡ್ಡು, ಮೈದಾ ಪರೋಟ ಒಳಗೆ ಹೋಗಿ ಅಂಟಿನ ಉಂಡೆ ಆಗುತ್ತೆ.

ಮುದ್ದೆಗೆ ಬರೋಣ. ಆರು ತಿಂಗಳಿಗೆ ಮುಂಚೆ ನಾನಂತೂ ಬೇಡ ಅಂತೀನಿ. ಆಮೇಲೂ ಉಂಡೆ ಕಟ್ಟಬೇಡಿ. ನಿಂಬೆಹಣ್ಣಿನ ಗಾತ್ರ ತಟ್ಟೆಗೆ ಹಾಕಿ, ಸಾರಲ್ಲಿ ಬೆರಳಿಂದ ಪೂರ್ತಿ ಕಿವುಚಿ ಅಂಬಲಿ ಹದಕ್ಕೆ ತನ್ನಿ, ಚಮಚದಲ್ಲಿ ತಿನ್ನಿ. ಇಲ್ಲಾಂದರೆ ಕಡಲೆಬೀಜದಷ್ಟು ಮುರಿದು, ಹಲ್ಲಿಗೆ ಅಂಟಿದರೂ ಪರವಾಗಿಲ್ಲ ಅಂತ ಅಗಿಯಿರಿ. ರಾಗಿಯಲ್ಲಿ ಕ್ಯಾಲ್ಸಿಯಂ ಚೆನ್ನಾಗಿದೆ ನಿಜ, ಆದರೆ 100 ಗ್ರಾಂ ಹಿಟ್ಟಿಗೆ ಪ್ರೋಟೀನ್ ಬರೀ 7 ಗ್ರಾಂ. ನೀವು ತಿನ್ನೋ ನಿಂಬೆಹಣ್ಣಿನಷ್ಟಕ್ಕೆ ಬರೋದು ಎಷ್ಟು ಅಂತ ನೀವೇ ಲೆಕ್ಕ ಹಾಕಿ. ನಮ್ಮಮ್ಮ ಈಗಲೂ "ಮುದ್ದೆ ಅಗೀತಾಳೆ ನೋಡು" ಅಂತ ಬಂದವರಿಗೆಲ್ಲ ತೋರಿಸುತ್ತಾರೆ.

ನೀರು ಊಟದ ಜೊತೆ ಕುಡಿಯಬೇಡಿ. ಊಟಕ್ಕೆ ಅರ್ಧ ಗಂಟೆ ಮುಂಚೆ ನಿಲ್ಲಿಸಿ, ಆಗಿ ಅರ್ಧ ಗಂಟೆಗೆ ಶುರು ಮಾಡಿ. ಜೊತೆಗೆ ಕುಡಿದರೆ ಜಾಗ ತುಂಬಿ ವಾಂತಿ ಆಗುತ್ತೆ, ಅಥವಾ ಊಟವನ್ನು ಜಾರಿಸಿಕೊಂಡು ಹೋಗಿ ಬೇಗ ಮತ್ತೆ ಹಸಿವಾಗುತ್ತೆ. ಹಾಗಂತ ನೀರು ಕಮ್ಮಿ ಮಾಡಿದರೆ ಆಸ್ಪತ್ರೆ ಸೇರೋದು ಗ್ಯಾರಂಟಿ. ದಿನಕ್ಕೆ ಕನಿಷ್ಠ ಒಂದೂವರೆ ಲೀಟರ್ ಬೇಕು. ಎಚ್ಚರ ಇರೋ ಹದಿನೈದು ಗಂಟೆಗೆ ಹಂಚಿದರೆ ಗಂಟೆಗೆ 100 ಮಿ.ಲೀ. ಗಟಗಟ ಅಂತ ಎತ್ತಿ ಕುಡಿಯೋ ಕಾಲ ಮುಗಿಯಿತು. ಬಾಟಲಿಗೆ ಪೆನ್ನಲ್ಲಿ ಗಂಟೆಯ ಗೆರೆ ಹಾಕಿಕೊಂಡೆ ನಾನು, ಆಫೀಸಿನಲ್ಲಿ ಗುಟುಕು ಗುಟುಕಾಗಿ ಕುಡಿಯುತ್ತಾ. ಸೋಡಾ, ಕೋಲಾ ಮುಟ್ಟಬೇಡಿ.

ಊಟಕ್ಕೆ ಚಿಕ್ಕ ಚಮಚ, ಮಕ್ಕಳ ತಟ್ಟೆ. ಒಂದು ತುತ್ತು ಬಾಯಲ್ಲಿ ಪೇಸ್ಟ್ ಆಗೋವರೆಗೆ ಅಗಿದು, ಚಮಚ ಕೆಳಗಿಟ್ಟು, ಒಂದು ನಿಮಿಷ ಕಾದು ಮುಂದಿನದು. ಇಪ್ಪತ್ತರಿಂದ ಮೂವತ್ತು ನಿಮಿಷ. ಹೊಟ್ಟೆ ತುಂಬಿದ ಗುರುತು ಎಲ್ಲರಿಗೂ ಬೇರೆ. ನನಗೆ ಮೂಗು ಸೋರುತ್ತೆ! ತುಂಬಾ ಜನಕ್ಕೆ ಬಿಕ್ಕಳಿಕೆಯೋ ಸೀನೋ ಬರುತ್ತೆ. ಗುರುತು ಕಂಡ ಮೇಲೆ ಒಂದು ತುತ್ತು ತಿಂದರೂ ಆ ತುತ್ತು ನಿಮ್ಮನ್ನು ಬಿಡಲ್ಲ.

ಬೈಪಾಸ್ ಆದವರು ಸಿಹಿ ವಿಷಯದಲ್ಲಿ ಹುಷಾರು. ಒಬ್ಬಟ್ಟು, ಮೈಸೂರ್‌ಪಾಕು, ಪಾಯಸ ಸೀದಾ ಕರುಳಿಗೆ ಇಳಿದು ಹದಿನೈದು ಇಪ್ಪತ್ತು ನಿಮಿಷಕ್ಕೆ ಎದೆ ಡವಡವ, ಬೆವರು, ಹೊಟ್ಟೆ ನುಲಿತ, ಭೇದಿ. ಇದಕ್ಕೆ ಡಂಪಿಂಗ್ ಅಂತಾರೆ. ಒಂದೆರಡು ಗಂಟೆ ಆದ ಮೇಲೆ ಶುಗರ್ ಧಡಾರನೆ ಕೆಳಗಿಳಿದು ತಲೆ ಸುತ್ತೋದೂ ಉಂಟು. ಸ್ಲೀವ್‌ನವರಿಗೂ ಕೆಲವೊಮ್ಮೆ ಆಗುತ್ತೆ.

ಮಾತ್ರೆ ಡಬ್ಬಿ

ಇದು ಆರು ತಿಂಗಳ ಕೋರ್ಸ್ ಅಲ್ಲ, ಬದುಕಿರೋವರೆಗೆ. ಮಲ್ಟಿವಿಟಮಿನ್, ಬಿ12, ಕಬ್ಬಿಣ, ಕ್ಯಾಲ್ಸಿಯಂ, ವಿಟಮಿನ್ ಡಿ. ಕ್ಯಾಲ್ಸಿಯಂ ಸಿಟ್ರೇಟ್ ಅಂತ ಕೇಳಿ ತಗೊಳ್ಳಿ. ಕಾರ್ಬೋನೇಟ್ ಕರಗೋಕೆ ಹೊಟ್ಟೆಯಲ್ಲಿ ಆಮ್ಲ ಬೇಕು, ನಮಗೆ ಅದೇ ಕಮ್ಮಿ. ಒಂದು ಸಲಕ್ಕೆ 500, 600 ಮಿ.ಗ್ರಾಂಗಿಂತ ಜಾಸ್ತಿ ಹಿಡಿಯಲ್ಲ, ಹಾಗಾಗಿ ದಿನದ 1200ರಿಂದ 1500ನ್ನು ಎರಡು ಮೂರು ಹೊತ್ತಿಗೆ ಹಂಚಬೇಕು. ಕಬ್ಬಿಣವನ್ನೂ ಕ್ಯಾಲ್ಸಿಯಮ್ಮನ್ನೂ ಒಟ್ಟಿಗೆ ನುಂಗಬೇಡಿ, ಎರಡು ಗಂಟೆ ಅಂತರ ಇರಲಿ. ಕಬ್ಬಿಣದ ಜೊತೆ ಫಿಲ್ಟರ್ ಕಾಫಿಯೂ ಬೇಡ. ನಾನು ಬೆಳಿಗ್ಗೆ ಕಾಫಿ ಬಿಡೋಕಾಗದೆ ಕಬ್ಬಿಣವನ್ನು ರಾತ್ರಿಗೆ ಹಾಕಿಕೊಂಡೆ, ನಿಂಬೆರಸದ ಜೊತೆ.

ಎರಡನೇ ವರ್ಷ ನಾನು ಸೋಮಾರಿತನ ಮಾಡಿ ಬಿ12 ನಿಲ್ಲಿಸಿದೆ. ಚೆನ್ನಾಗೇ ಇದ್ದೀನಲ್ಲ ಅನ್ನಿಸಿತ್ತು. ಎಂಟು ತಿಂಗಳಿಗೆ ಪಾದ ಜುಮ್ ಅನ್ನೋಕೆ ಶುರುವಾಯಿತು, ಚಪ್ಪಲಿ ಜಾರಿಹೋದದ್ದು ಗೊತ್ತಾಗುತ್ತಿರಲಿಲ್ಲ. ಇಂಜೆಕ್ಷನ್ ತಗೊಂಡು ಸರಿಹೋಯಿತು. ನರಕ್ಕೆ ಆದ ಪೆಟ್ಟು ಎಲ್ಲರಿಗೂ ಪೂರ್ತಿ ಸರಿಹೋಗಲ್ಲ, ಅದೃಷ್ಟದ ಮೇಲೆ ಬದುಕಬೇಡಿ. ಮೂರು, ಆರು, ಹನ್ನೆರಡನೇ ತಿಂಗಳು, ಆಮೇಲೆ ಪ್ರತಿ ವರ್ಷ ರಕ್ತ ಪರೀಕ್ಷೆ ಮಾಡಿಸಿ. ನನ್ನದು ಯುಗಾದಿ ಆದ ವಾರ, ಮರೆಯೋ ಪ್ರಶ್ನೆಯೇ ಇಲ್ಲ.

ಶುಗರ್, ಬಿಪಿ ಮಾತ್ರೆ ಇದ್ದವರು ಡಾಕ್ಟರನ್ನು ಕೇಳದೆ ಹಳೇ ಡೋಸ್ ಮುಂದುವರಿಸಬೇಡಿ, ತಾವಾಗೇ ನಿಲ್ಲಿಸಲೂ ಬೇಡಿ. ಆಪರೇಷನ್ ಆದ ಕೆಲವೇ ದಿನಕ್ಕೆ ಶುಗರ್ ಇಳಿಯಬಹುದು, ಹಳೇ ಇನ್ಸುಲಿನ್ ಹಾಕಿಕೊಂಡರೆ ಅಪಾಯ. ಮನೆಯಲ್ಲೇ ನೋಡಿಕೊಂಡು ಡಾಕ್ಟರಿಗೆ ನಂಬರ್ ಕಳಿಸುತ್ತಾ ಇರಿ. ವೇಗವಾಗಿ ತೂಕ ಇಳಿದಾಗ ಪಿತ್ತಕೋಶದಲ್ಲಿ ಕಲ್ಲು ಆಗೋದುಂಟು. ಅದಕ್ಕೆ ಕೆಲವರಿಗೆ ಆರು ತಿಂಗಳು ಮಾತ್ರೆ ಕೊಡುತ್ತಾರೆ, ಕೊಟ್ಟರೆ ತಪ್ಪಿಸಬೇಡಿ.

ಈಗ ಊರಿನ ಕ್ಲಿನಿಕ್ ವಿಷಯ. ಸೊಂಟ ನೋವು ಅಂತ ಹೋದರೆ ಕೇಳದೇ ಡೈಕ್ಲೋಫಿನಾಕ್ ಸೂಜಿ ಚುಚ್ಚುವವರಿದ್ದಾರೆ. ಕಾಂಬಿಫ್ಲಾಮ್‌ನಲ್ಲಿ ಐಬುಪ್ರೊಫೇನ್ ಇದೆ. ಈ ಜಾತಿಯ ನೋವಿನ ಔಷಧ ಬೈಪಾಸ್‌ನವರಿಗೆ ಹುಣ್ಣು ಮಾಡುತ್ತೆ, ಸ್ಲೀವ್‌ನವರಿಗೂ ಒಳ್ಳೇದಲ್ಲ. ಡೋಲೋ 650 ಬರೀ ಪ್ಯಾರಸಿಟಮಾಲ್, ಅದು ಸರಿ. ಸಿಗರೇಟು, ಬೀಡಿ ಕೂಡ ಆ ಹುಣ್ಣಿಗೇ ದಾರಿ. ಕುಡಿತವಂತೂ ಬೇಗ ತಲೆಗೇರುತ್ತೆ, ಒಂದು ಪೆಗ್ಗಿಗೇ ಎರಡು ಮೂರರಷ್ಟು. ಊಟದ ಜಾಗಕ್ಕೆ ಬಾಟಲಿ ಬಂದು ಕೂರೋದು ಕೆಲವರಿಗೆ ಆಗುತ್ತೆ, ಗೊತ್ತಿರಲಿ.

ಇದನ್ನು ಒಂದು ಚೀಟಿಯಲ್ಲಿ ಬರೆದು ಪರ್ಸಿನಲ್ಲಿಡಿ: ಎರಡು ಮೂರು ದಿನ ಬಿಡದೆ ವಾಂತಿ ಆಗುತ್ತಿದ್ದರೆ, ಗ್ಲೂಕೋಸ್ ಡ್ರಿಪ್ ಹಾಕುವ ಮುಂಚೆ ಬಿ1, ಅಂದರೆ ಥಯಮಿನ್ ಕೊಡಬೇಕು. ಥಯಮಿನ್ ಖಾಲಿಯಾದ ದೇಹಕ್ಕೆ ಬರೀ ಗ್ಲೂಕೋಸ್ ಹೋದರೆ ಮೆದುಳಿಗೆ ಪೆಟ್ಟಾಗಬಹುದು. ನಮ್ಮ ಕಡೆ ಸುಸ್ತು ಅಂದರೆ ಮೊದಲು ನೇತುಹಾಕೋದೇ ಗ್ಲೂಕೋಸ್ ಬಾಟಲಿ, ಅಲ್ವಾ?

ಮೊದಲ ವಾರಗಳಲ್ಲಿ ಜ್ವರ, ನಾಡಿ ನಿಮಿಷಕ್ಕೆ 120 ದಾಟೋದು, ಹೊಟ್ಟೆ ಅಥವಾ ಎಡ ಭುಜದಲ್ಲಿ ಜೋರು ನೋವು, ಉಸಿರಾಟ ಕಷ್ಟ, ಒಂದು ಕಾಲು ಮಾತ್ರ ಊದಿ ನೋಯೋದು, ಕಪ್ಪು ಮಲ. ಇದರಲ್ಲಿ ಒಂದು ಕಂಡರೂ ಬೆಳಗಾಗಲಿ ಅಂತ ಕಾಯಬೇಡಿ, ಆಪರೇಷನ್ ಮಾಡಿದ ಆಸ್ಪತ್ರೆಗೇ ಹೋಗಿ.

ಮದುವೆ ಮನೆ, ಬೀಗರ ಊಟ, ಜನರ ಬಾಯಿ

ನಮ್ಮಲ್ಲಿ ಕಮ್ಮಿ ಉಣ್ಣೋದು ಅವಮಾನ ಮಾಡಿದ ಹಾಗೆ. ಮೊದಲ ಮದುವೆಯಲ್ಲಿ ನಾನು ಪಾಠದ ಥರ ವಿವರಿಸಿದೆ. ಜಠರ, ಸ್ಲೀವ್, ಗ್ರೆಲಿನ್. ಪಂಕ್ತಿಯೆಲ್ಲ ಕೈ ನಿಲ್ಲಿಸಿ ಕೇಳಿತು. ಮೂರು ದಿನಕ್ಕೆ ಊರಿಗೆಲ್ಲ ಹಬ್ಬಿ, ಯಾರೋ ಅಮ್ಮನಿಗೆ ಫೋನ್ ಮಾಡಿ "ಹೊಟ್ಟೆ ತೆಗೆದುಬಿಟ್ಟವ್ರಂತೆ, ಕ್ಯಾನ್ಸರಾ?" ಅಂತ ಕೇಳಿದರು. ಎರಡನೇ ಮದುವೆಯಲ್ಲಿ ಒಂದೇ ಪದ ಹೇಳಿದೆ: ಗ್ಯಾಸ್ಟ್ರಿಕ್. ಅಷ್ಟೇ. ಎಲ್ಲರೂ ತಲೆಯಾಡಿಸಿದರು, ಒಬ್ಬರು ಜೀರಿಗೆ ಕಷಾಯ ಹೇಳಿಕೊಟ್ಟರು, ಬಡಿಸುವವನು ಮುಂದೆ ಹೋದ. ಕರ್ನಾಟಕದಲ್ಲಿ ಗ್ಯಾಸ್ಟ್ರಿಕ್ ಅನ್ನೋ ಪದಕ್ಕೆ ಇರೋ ಮರ್ಯಾದೆ ಡಾಕ್ಟರ್ ಸರ್ಟಿಫಿಕೇಟಿಗೂ ಇಲ್ಲ.

ಎಲೆ ಮುಂದೆ ಕೂತರೆ ಬಡಿಸೋಕೆ ಮುಂಚೆಯೇ ಕೈ ಅಡ್ಡ ಹಿಡಿಯಿರಿ, ಬಿದ್ದ ಮೇಲೆ ಬಿಡೋಕೆ ಮನಸ್ಸು ಬರಲ್ಲ. ಎಲೆಯಲ್ಲಿ ಬಿಡಬಾರದು ಅಂತ ಬೆಳೆದವರಲ್ವಾ ನಾವು. ಮೊದಲು ಕೋಸಂಬರಿ, ಆಮೇಲೆ ಪಲ್ಯ, ತೊವ್ವೆ. ಅನ್ನ ಬರುವ ಹೊತ್ತಿಗೆ ಜಾಗ ಮುಗಿದಿರುತ್ತೆ. ಹೋಳಿಗೆ ಚಿವುಟಿಕೊಂಡು ರುಚಿ ನೋಡಿ, ತುಪ್ಪ ಬೇಡ. ಪಕ್ಕದಲ್ಲಿ ಚೆನ್ನಾಗಿ ಉಣ್ಣುವವರು ಕೂತಿರಲಿ. ನಾನು ಅಣ್ಣನ ಮಗನನ್ನು ಪಕ್ಕಕ್ಕೇ ಕೂರಿಸಿಕೊಳ್ಳುತ್ತೇನೆ, ಹೋಳಿಗೆ ಅವನ ಎಲೆಗೆ. ಬೀಗರ ಊಟದಲ್ಲಿ ಎರಡು ಮೆತ್ತಗಿನ ತುಂಡು ಕೇಳಿ ಹಾಕಿಸಿಕೊಂಡು ಎಣ್ಣೆ ಬಸಿದು ತಿಂದರೆ ಸಾಕು, ಮುದ್ದೆ ಕಡೆ ತಿರುಗಿ ನೋಡಬೇಡಿ.

ಸಣ್ಣಗಾದಾಗ ಹೊಗಳಿಕೆ ಬರುತ್ತೆ ಅಂದುಕೊಂಡಿದ್ದೆ. "ಮುಖ ಇಳಿದುಹೋಗಿದೆ", "ಶುಗರ್ ಬಂತಾ", "ಮೊದಲೇ ಲಕ್ಷಣವಾಗಿದ್ದೆ", ಇವು ಬಂದವು. ದಪ್ಪ ಇದ್ದಾಗ ಡುಮ್ಮಿ ಅಂದವರೇ ಇವರು. "ಸುಲಭದ ದಾರಿ ಹಿಡಿದೆ" ಅಂದವರಿಗೆ ಆ ನೊರೆ ಉಗುಳಿದ ಲೋಟ ತೋರಿಸಬೇಕಿತ್ತು.

ಮನೆಯವರ ಜೊತೆ ಕೂತು ಮಾತಾಡಿ. ಅಮ್ಮಂದಿರಿಗೆ, ಅತ್ತೆಯರಿಗೆ ಪ್ರೀತಿ ತೋರಿಸೋಕೆ ಗೊತ್ತಿರೋದು ಬಡಿಸೋದು ಮಾತ್ರ. ಬೇಡ ಅಂದರೆ ಅವರನ್ನೇ ಬೇಡ ಅಂದಂತೆ. ನಾನು ಅಮ್ಮನಿಗೆ ಕೆಲಸ ವಹಿಸಿದೆ: ದಿನದ ಪ್ರೋಟೀನ್ ಲೆಕ್ಕ ನಿಮ್ಮದು. ಅಡುಗೆಮನೆ ಕ್ಯಾಲೆಂಡರಿನಲ್ಲಿ ಬರೆಯೋಕೆ ಶುರು ಮಾಡಿದರು. ಈಗ ನಾನು ಮೊಟ್ಟೆ ತಪ್ಪಿಸಿದರೆ ನನಗಿಂತ ಮೊದಲು ಅವರಿಗೆ ಗೊತ್ತಾಗುತ್ತೆ.

ಕೂದಲು, ಚರ್ಮ, ಮಗು

ಮೂರರಿಂದ ಆರನೇ ತಿಂಗಳು ಕೂದಲು ಬಾಚಣಿಗೆ ತುಂಬಾ ಬರುತ್ತೆ. ಆಪರೇಷನ್ನಿನ, ವೇಗವಾಗಿ ತೂಕ ಇಳಿದ ಹೊಡೆತ ಅದು, ಪ್ರೋಟೀನ್, ಕಬ್ಬಿಣ ಸರಿ ಇದ್ದರೆ ಮತ್ತೆ ಹುಟ್ಟುತ್ತೆ. ಸಾವಿರಾರು ರೂಪಾಯಿ ಎಣ್ಣೆಗೆ ಹಾಕಬೇಡಿ. ಚಳಿ ಜಾಸ್ತಿ ಆಗುತ್ತೆ, ಬೆಂಗಳೂರಿನ ಜುಲೈಗೆ ನಾನು ಸ್ವೆಟರ್ ಹಾಕುತ್ತೇನೆ.

ಜೋತುಬಿದ್ದ ಚರ್ಮ ವ್ಯಾಯಾಮಕ್ಕೆ ಪೂರ್ತಿ ಹೋಗಲ್ಲ, ಸುಳ್ಳು ಹೇಳಲ್ಲ. ಮಡಿಕೆಗಳಲ್ಲಿ ಬೆವರಿ ಹುಳುಕಡ್ಡಿ ಆಗದ ಹಾಗೆ ಒಣಗಿಸಿಕೊಳ್ಳಿ. ತೆಗೆಸಬೇಕು ಅಂದರೆ ತೂಕ ಒಂದೇ ಕಡೆ ನಿಂತ ಮೇಲೆ, ಒಂದೂವರೆ ವರ್ಷ ಆದ ನಂತರ. ಅದಕ್ಕೆ ಇನ್ಶೂರೆನ್ಸ್ ಸಾಮಾನ್ಯವಾಗಿ ಸಿಗಲ್ಲ.

ಹೆಣ್ಣುಮಕ್ಕಳಿಗೆ ಒಂದು ಮಾತು. ತೂಕ ಇಳಿದಂತೆ ನಿಂತಿದ್ದ ಮುಟ್ಟು ಸರಿಹೋಗಿ, ಪಿಸಿಓಎಸ್ (ಮುಟ್ಟು ಏರುಪೇರಾಗಿಸುವ ಹಾರ್ಮೋನ್ ತೊಂದರೆ) ಇದ್ದವರಿಗೂ ಬೇಗ ಗರ್ಭ ನಿಲ್ಲಬಹುದು. ಮೊದಲ 12ರಿಂದ 18 ತಿಂಗಳು ಮಗು ಬೇಡ ಅಂತ ಡಾಕ್ಟರು ಹೇಳುತ್ತಾರೆ. ಬೈಪಾಸ್ ಆದವರಲ್ಲಿ ಗರ್ಭನಿರೋಧಕ ಮಾತ್ರೆ ಸರಿಯಾಗಿ ಹೀರಿಕೊಳ್ಳದಿರಬಹುದು, ಬೇರೆ ವಿಧಾನ ಕೇಳಿ.

ತೂಕ ವಾಪಸ್ ಬಂದರೆ

ನಾನು 118ರಿಂದ 79ಕ್ಕೆ ಇಳಿದೆ, ಹದಿನಾಲ್ಕು ತಿಂಗಳಲ್ಲಿ. ಮೂರನೇ ವರ್ಷ 86. ಹೇಗೆ ಅಂತ ಹೇಳುತ್ತೇನೆ. ಹೊಟ್ಟೆ ಹಿಗ್ಗಿದ್ದಕ್ಕಲ್ಲ. ಸಂಜೆ ಐದೂವರೆಗೆ ಟೀ ಜೊತೆ ಒಂದು ಕೋಡುಬಳೆ. ಆರಕ್ಕೆ ಇನ್ನೊಂದು. ಏಳಕ್ಕೆ ಒಂದು ಹಿಡಿ ಖಾರಾ ಮಿಕ್ಸ್ಚರ್. ಕೋಳಿ ತುಂಡು ಮೂರು ತಿಂದರೆ ನಿಲ್ಲಿಸುವ ಹೊಟ್ಟೆ, ಕೋಡುಬಳೆ ಆರು ತಿಂದರೂ ಸುಮ್ನೆ ಇರುತ್ತೆ, ಯಾಕಂದರೆ ಅದು ಬಾಯಲ್ಲೇ ಪುಡಿಯಾಗಿ ಸಲೀಸಾಗಿ ಜಾರಿಹೋಗುತ್ತೆ. ಚಿಪ್ಸ್, ಬಿಸ್ಕತ್ತು, ಐಸ್‌ಕ್ರೀಮ್ ಎಲ್ಲ ಇದೇ ಜಾತಿ. ಆಪರೇಷನ್ ಇವಕ್ಕೆ ಬಾಗಿಲು ಹಾಕಲ್ಲ.

ನಾನು ಮಾಡಿದ್ದು ಇಷ್ಟು. ಡಬ್ಬಿಗಳನ್ನು ಮೇಲಿನ ಶೆಲ್ಫಿಗೆ ಹಾಕಿದ್ದು ಕೆಲಸ ಮಾಡಲಿಲ್ಲ, ಕುರ್ಚಿ ಹಾಕಿಕೊಂಡು ಹತ್ತಿದೆ. ಕೊಳ್ಳೋದನ್ನೇ ನಿಲ್ಲಿಸಿದೆ. ಐದೂವರೆಗೆ ಉಪ್ಪು ಹಾಕಿ ಬೇಯಿಸಿದ ಕಡಲೆಕಾಳು, ಕೂತು, ತಟ್ಟೆಯಲ್ಲಿ. ನಿಂತುಕೊಂಡು ಏನೂ ತಿನ್ನಲ್ಲ ಅಂತ ಒಂದು ನಿಯಮ. ವಾರಕ್ಕೆ ಮೂರು ದಿನ ತೂಕ ಎತ್ತುವ ವ್ಯಾಯಾಮ, ಯಾಕಂದರೆ ಕೊಬ್ಬಿನ ಜೊತೆ ಮಾಂಸಖಂಡವೂ ಕರಗಿರುತ್ತೆ. ಮತ್ತೆ ಡಯಟೀಷಿಯನ್ ಹತ್ರ ಹೋದೆ. ಹೋಗೋಕೆ ಆರು ತಿಂಗಳು ನಾಚಿಕೊಂಡದ್ದೇ ದೊಡ್ಡ ತಪ್ಪು, ಆ ಆರು ತಿಂಗಳಲ್ಲೇ ನಾಲ್ಕು ಕೆ.ಜಿ. ಏರಿತ್ತು. ಮೂರು ಕೆ.ಜಿ. ಏರಿದಾಗಲೇ ಫೋನ್ ಮಾಡಿ. ಬೈಯಲ್ಲ, ಅವರು ದಿನಾ ನೋಡೋದೇ ಇದನ್ನು.

2025ರಿಂದ ಮೌಂಜಾರೋ, ವೆಗೋವಿ ಅನ್ನೋ, ತೂಕ ಇಳಿಸೋಕೆ ವಾರಕ್ಕೊಂದು ಚುಚ್ಚಿಕೊಳ್ಳುವ ಇಂಜೆಕ್ಷನ್‌ಗಳು ಇಲ್ಲೂ ಸಿಗುತ್ತಿವೆ. ಆಪರೇಷನ್ ಆದ ಮೇಲೆ ತೂಕ ಏರಿದವರಿಗೂ ಡಾಕ್ಟರು ಬರೆಯುತ್ತಾರೆ. ಬೊಜ್ಜು ಕಾಯಿಲೆ, ಕಾಯಿಲೆಗೆ ಎರಡನೇ ಔಷಧ ಬೇಕಾದರೆ ಅದರಲ್ಲಿ ಸೋಲೇನಿದೆ. ಆದರೆ ಪರಿಚಯದ ಮೆಡಿಕಲ್ ಶಾಪಿನವರ ಮಾತು ಕೇಳಿ ಚುಚ್ಚಿಕೊಳ್ಳಬೇಡಿ. ನನಗೆ ಇನ್ನೂ ಬೇಕಾಗಿಲ್ಲ, ಬೇಕಾದರೆ ತಗೊಳ್ಳುತ್ತೇನೆ.

ತೂಕ ನೋಡೋದು ವಾರಕ್ಕೊಮ್ಮೆ, ಶುಕ್ರವಾರ ಬೆಳಿಗ್ಗೆ, ಕಾಫಿಗೆ ಮುಂಚೆ. ದಿನಾ ನೋಡಿದರೆ ಉಪ್ಪಿನಕಾಯಿ ತಿಂದ ಮಾರನೇ ದಿನ ಏರಿದ ನೀರಿನ ತೂಕಕ್ಕೂ ಅಳು ಬರುತ್ತೆ. ಹೋದ ವಾರ 83 ಇತ್ತು. ನಿನ್ನೆ ಅಮ್ಮ ಊರಿಂದ ಬಂದಿದ್ದಾರೆ, ಚೀಲದಲ್ಲಿ ಹಿತಕಿದ ಬೇಳೆ ಇದೆ, ಅದರ ಕೆಳಗೆ ಒಂದು ಡಬ್ಬಿಯೂ ಇದೆ. ಏನು ಅಂತ ನಾನು ಕೇಳಿಲ್ಲ, ಅವರೂ ಹೇಳಿಲ್ಲ.